ದೋಣಿ ಎಳೆಯುವ ಗಾಡಿಗೆ ಎಂಥ ಕೊಂಡಿ?

ಕಾಗಿಣಾ ದಂಡೆಯ ಮೀನುಗಾರರಿಗೆ ಹೊಳೆಯಲ್ಲಿ ನೀರಿದ್ದಷ್ಟು ದಿನ ಚಿಂತೆಯಿಲ್ಲ. ದೋಣಿ ಮನೆಯ ಹತ್ತಿರವೇ ಇರುತ್ತದೆ. ನೀರು ಇಳಿಯಿತೆಂದರೆ ಅದೇ ದೋಣಿಯನ್ನು ಚಿಂಚೋಳಿ ಕಡೆಯ ಕೆರೆಗೆ ಸಾಗಿಸಬೇಕು. ಅದಕ್ಕೆ ಬಾಡಿಗೆ ಟೆಂಪೊ ಬೇಕು. ಟೆಂಪೊದವನು ಬರುತ್ತೇನೆಂದ ದಿನ ಬರುವುದಿಲ್ಲ. ಬಂದ ದಿನ, ದೋಣಿ ಭಾಳ ಉದ್ದ ಅದ ಎಂದು ಮುಖ ಸಿಂಡರಿಸುತ್ತಾನೆ.

ಸೇಡಂ ತಾಲೂಕಿನ ಮಾಣಿಕಮ್ಮನ ಮನೆಯಲ್ಲಿ ಈ ರಗಳೆ ಪ್ರತಿ ವರ್ಷವೂ ಇತ್ತು. ಗಂಡ ಸಾಯಬಣ್ಣ ದೋಣಿ ನಡೆಸುವವನು, ದೋಣಿ ರಿಪೇರಿಯನ್ನೂ ಬಲ್ಲವನು. ಮಗ ಸಾಯಿಕುಮಾರ ಬಲೆ ಬೀಸುತ್ತಾನೆ. ಹಿಡಿದ ಮೀನನ್ನು ಸೇಡಂ, ಚಿತ್ತಾಪುರ, ವಾಡಿಯ ಸಂತೆಗಳಲ್ಲಿ ಮಾರುವವಳು ಮಾಣಿಕಮ್ಮ. ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ಅವಳದೇ. ಹಾಗಾಗಿ ಒಂದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳೋಣ, ಮಂದಿಯೂ ಕೂಡಬಹುದು, ಹಿಂದೆ ಟ್ರಾಲಿ ಕಟ್ಟಿ ದೋಣಿಯನ್ನೂ ಎಳೆಯಬಹುದು ಎಂದು ಸಾಯಿಕುಮಾರ ಹೇಳಿದಾಗ, ಹೂಂ ಅಂದವಳೂ ಅವಳೇ.

ಗಾಡಿ ಬಂತು. ಪರಿಚಯದವರ ಹತ್ತಿರ ಒಂದು ಹಳೆಯ ಕಬ್ಬಿಣದ ಟ್ರಾಲಿಯೂ ಸಿಕ್ಕಿತು. ಆದರೆ ಟ್ರಾಲಿಯನ್ನು ಗಾಡಿಗೆ ಕಟ್ಟುವುದು ಹೇಗೆ? ಗಾಡಿಯ ಹಿಂದೆ ಕೊಂಡಿಯೇ ಇರಲಿಲ್ಲ. ಗೊಂದಲ ಶುರುವಾದದ್ದು ಇಲ್ಲಿಂದ.

ಮೊದಲು ಬಂದವನು ಮಾಣಿಕಮ್ಮನ ತಮ್ಮ ಹಣಮಂತರಾಯ. ಶಹಾಬಾದದಲ್ಲಿ ಕಲ್ಲಿನ ಲಾರಿ ಓಡಿಸುತ್ತಾನೆ. ಗಾಡಿಯ ಹಿಂದೆ ಬಗ್ಗಿ ನೋಡಿ ನಕ್ಕ.

"ಕೊಂಡಿ ಇಲ್ಲ ಅಂತ ಯಾರು ಹೇಳಿದ್ರು ಅಕ್ಕಾ? ಕಂಪನಿಯವರೇ ಕೊಟ್ಟಾರ. ಇಲ್ಲಿ ನೋಡು."

ಬಂಪರಿನ ಕೆಳಗೆ ಬಳೆಯಷ್ಟು ಅಗಲದ ಒಂದು ಕಬ್ಬಿಣದ ಉಂಗುರ ಇತ್ತು.

"ಇಷ್ಟ ಸಣ್ಣದು ದೋಣಿ ತಡೀತದೇನು?" ಎಂದಳು ಮಾಣಿಕಮ್ಮ.

"ಗಾಡಿನೇ ಎಳಿಯಾಕ ಕೊಟ್ಟಾರಂದ್ರ ದೋಣಿ ಯಾವ ಲೆಕ್ಕ?"

ಮರುದಿನ ವಾಡಿಯ ಸಂತೆಗೆ ಹೋದಾಗ ಅವಳು ಒಬ್ಬ ವೆಲ್ಡಿಂಗ್‌ನವನನ್ನು ಕೇಳಿದಳು. ಅವನು ಉಂಗುರದ ಮಾತು ಕೇಳಿ ತಲೆ ಅಲ್ಲಾಡಿಸಿದ. "ಆ ಉಂಗುರ ಕೆಲಸಕ್ಕ ಬರಂಗಿಲ್ರಿ. ಬಂಪರಿಗೆ ಒಂದು ಪಟ್ಟಿ ಬಡದು ಕೊಂಡಿ ಬೆಸೀತೀನಿ. ಮುಂಜಾನಿ ಗಾಡಿ ಬಿಡ್ರಿ, ಮಧ್ಯಾಹ್ನ ಒಯ್ರಿ."

ಸಾಯಿಕುಮಾರನ ಫೋನಿನಲ್ಲಿ ಮತ್ತೊಂದು ಕಥೆ. ಅದರಲ್ಲಿ ತುದಿಗೆ ಫಳಫಳ ಹೊಳೆಯುವ ಕಬ್ಬಿಣದ ಗುಂಡಿರುವ ಕೊಂಡಿ ಇತ್ತು. ಎಲ್ಲ ಗಾಡಿಗೂ ಕೂಡುತ್ತದೆ, ಮನೆಗೇ ತಂದುಕೊಡುತ್ತೇವೆ ಎಂದು ಬರೆದಿತ್ತು. ಅದನ್ನು ನೋಡುತ್ತ ನೋಡುತ್ತ ಅಂಥವೇ ಇನ್ನೂ ಹತ್ತಾರು ಬಂದವು. ಒಂದರಲ್ಲಿ ಗುಂಡು, ಒಂದರಲ್ಲಿ ಪಿನ್ನು, ಒಂದರಲ್ಲಿ ಚೌಕಾಕಾರದ ಕೊಳವೆ. ಚಿತ್ತಾಪುರದ ಸಂತೆಯಲ್ಲಿ ಒಬ್ಬ ಗಿರಾಕಿ, ಇಂಥದ್ದೇನಾದರೂ ಹಾಕಿಸಿದರೆ ಗಾಡಿಯನ್ನೇ ಹಿಡಿದು ನಿಲ್ಲಿಸುತ್ತಾರೆ ಎಂದು ಹೆದರಿಸಿದ.

ಮಾಣಿಕಮ್ಮನಿಗೆ ಮೀನು ತೂಗುವಾಗಲೂ ಅದೇ ಯೋಚನೆ. ಒಬ್ಬ ಉಂಗುರ ಸಾಕು ಎನ್ನುತ್ತಾನೆ, ಇನ್ನೊಬ್ಬ ಅದು ಬೇಡವೇ ಬೇಡ ಎನ್ನುತ್ತಾನೆ. ಒಬ್ಬ ಬೆಸೆಯಿರಿ ಎನ್ನುತ್ತಾನೆ, ಮತ್ತೊಬ್ಬ ಕೊಳ್ಳಿರಿ ಎನ್ನುತ್ತಾನೆ. ಎಲ್ಲರೂ ಅಷ್ಟು ಗಟ್ಟಿಯಾಗಿ ಹೇಳುತ್ತಾರಲ್ಲ, ಹಾಗಾದರೆ ಖರೆ ಯಾವುದು?

ಸೊಸೆ ರಾಧಿಕಾ ಒಂದು ದಾರಿ ಹೇಳಿದಳು. "ಅತ್ತೀ, ನನ್ನ ಗೆಳತಿ ಅಸ್ಫಿಯಾ ಚಿತ್ತಾಪುರದಾಗ ಇದ್ದಾಳಲ್ರಿ? ವಿಮಾ ಕಂಪನಿ ಪರವಾಗಿ ಅಪಘಾತ ಆದ ಗಾಡಿ ನೋಡಿ ರಿಪೋರ್ಟ್ ಬರೀತಾಳ. ಆಕಿಗೊಂದು ಫೋನ್ ಮಾಡೂಣ್ರಿ."

ಸಾಯಬಣ್ಣ ಹೊರಸಿನ ಮೇಲೆ ಕೂತಿದ್ದ. "ಆಕಿ ನೋಡೋದು ಒಡದ ಗಾಡಿ. ನಮ್ಮದು ಒಡದ ಮ್ಯಾಲ ಕರಿಯೂಣು," ಎಂದ. "ಟ್ರ್ಯಾಕ್ಟರ್ ನೋಡು, ಒಂದು ಪಿನ್ನು ಹಾಕಿ ಮೂವತ್ತು ಚೀಲ ತೊಗರಿ ಎಳೀತದ. ನಮ್ಮದು ಒಂದು ದೋಣಿ. ಇಷ್ಟ್ಯಾಕ ತಲಿ ಕೆಡಸ್ಕೊಳ್ತೀರಿ?"

ಆದರೂ ರಾಧಿಕಾ ಫೋನ್ ಮಾಡಿದಳು. ಅಸ್ಫಿಯಾ ಎಲ್ಲವನ್ನೂ ಕೇಳಿ, "ಬಂಪರಿಗೆ ಮಾತ್ರ ಬೆಸಸಬ್ಯಾಡ್ರಿ. ಐತಾರ ನಾನೇ ಬಂದು ನೋಡ್ತೀನಿ," ಎಂದಳು.

ಭಾನುವಾರದವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಹೊಳೆಯ ನೀರು ದಿನದಿನಕ್ಕೆ ಇಳಿಯುತ್ತಿತ್ತು. ಕೆರೆಯಲ್ಲಿ ಬೇರೆಯವರ ಬಲೆ ಬಿದ್ದಿದೆ ಎಂಬ ಸುದ್ದಿಯೂ ಬಂತು. ಯೋಚಿಸಿ ಯೋಚಿಸಿ ಸಾಕಾಗಿದ್ದ ಮಾಣಿಕಮ್ಮ, "ಏನರ ಮಾಡ್ರಿ, ನನಗ ತಿಳಿವಲ್ದು," ಎಂದುಬಿಟ್ಟಳು. ಕೊನೆಯ ಮಾತು ಹೇಳಬೇಕಾದವಳು ಹೀಗಂದಳು. ಅಪ್ಪ, ಮಗ ಗಾಡಿಯನ್ನು ವಾಡಿಗೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಬಂಪರಿಗೆ ದಪ್ಪನೆಯ ಕೊಂಡಿ ಬಂತು. ಕಪ್ಪು ಬಣ್ಣವನ್ನೂ ಬಳಿದಿದ್ದರು. ನೋಡಲು ಬಹಳ ಮಜಬೂತಾಗಿತ್ತು.

ಮರುದಿನ ಬೆಳಿಗ್ಗೆ ಟ್ರಾಲಿಯ ಮೇಲೆ ದೋಣಿ ಏರಿಸಿದರು. ದೋಣಿಯ ಹಿಂಭಾಗದಲ್ಲಿ ಮೋಟಾರು, ಬಲೆಗಳು, ಐಸ್ ಪೆಟ್ಟಿಗೆಗಳು. ಸಾಯಿಕುಮಾರ ಗಾಡಿ ಓಡಿಸಿದ. ಮಾಣಿಕಮ್ಮ ಹಿಂದಿನ ಸೀಟಿನಲ್ಲಿ ಕೂತು ತಿರುಗಿ ತಿರುಗಿ ನೋಡುತ್ತಿದ್ದಳು. ಗಾಡಿ ಸ್ವಲ್ಪ ಜೋರಾದರೆ ಟ್ರಾಲಿ ಎಡಕ್ಕೆ, ಬಲಕ್ಕೆ ಓಲಾಡುತ್ತಿತ್ತು. ಟ್ರಾಲಿ ಅಂದಮೇಲೆ ಹೀಗೆಯೇ ಇರಬೇಕೋ ಏನೋ ಎಂದುಕೊಂಡು ಸುಮ್ಮನಾದಳು.

ಸೇಡಂ ದಾಟಿ ಒಂದು ಊರಿನ ಮುಂದೆ ರಸ್ತೆ ಉಬ್ಬು ಬಂತು. ಗಾಡಿ ಹತ್ತಿ ಇಳಿಯಿತು. ಟ್ರಾಲಿ ಹತ್ತುವಾಗ ಹಿಂದಿನಿಂದ ತಗಡು ಹರಿದಂಥ ಸದ್ದು ಕೇಳಿಸಿತು. ಮಾಣಿಕಮ್ಮ ತಿರುಗಿದಾಗ ಬಂಪರು ಒಂದು ಕಡೆ ಕಿತ್ತು ಜೋತಾಡುತ್ತಿತ್ತು. ಕೊಂಡಿ ಬಂಪರಿನ ತುಂಡನ್ನೂ ಕಿತ್ತುಕೊಂಡು ಟ್ರಾಲಿಯ ಜೊತೆ ಹೋಗಿತ್ತು. ಟ್ರಾಲಿಯ ಮೂತಿ ರಸ್ತೆಗೆ ಬಡಿದು, ಅದು ಅಡ್ಡ ತಿರುಗಿತು.

ಹಿಂದೆ ಮಂದಿ ತುಂಬಿದ ಒಂದು ಟಂಟಂ ಆಟೊ ಬರುತ್ತಿತ್ತು. ಚಾಲಕ ಬ್ರೇಕ್ ಹಾಕಿ ಪಕ್ಕದ ತಗ್ಗಿಗೆ ಇಳಿಸಿದ. ಟಂಟಂ ವಾಲಿ ನಿಂತಿತು. ಒಳಗಿದ್ದ ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಮಾಣಿಕಮ್ಮ ಓಡಿಹೋಗಿ ನೋಡಿದರೆ, ಬಲಗೈ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದವಳು ಚಾಂದಬೀ. ಸೇಡಂ ಸಂತೆಯಲ್ಲಿ ಪಕ್ಕದಲ್ಲೇ ಕೂತು ಒಣಮೀನು ಮಾರುವ, ಸಂತೆಯ ದಿನ ಒಂದೇ ಡಬ್ಬಿಯಿಂದ ರೊಟ್ಟಿ ತಿನ್ನುವ ಗೆಳತಿ.

"ಚಾಂದಾ!" ಎಂದಳು ಮಾಣಿಕಮ್ಮ. ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು.

"ಕೈ ಮುರದಂಗ ಆಗ್ಯದ ಮಾಣಿಕಕ್ಕಾ. ಅದು ನಿಂದೇ ದೋಣಿ ಏನ?" ಎಂದಳು ಚಾಂದಬೀ.

ಪೊಲೀಸರು ಬಂದರು. ಟ್ರಾಲಿಯ ಸುತ್ತ ಒಂದು ಸುತ್ತು ಹಾಕಿ, "ಇದಕ್ಕ ನಂಬರ್ ಎಲ್ಲದ? ಲೈಟ್ ಎಲ್ಲವ? ಕೊಂಡಿ ಯಾರು ಹಾಕಿದ್ದು?" ಎಂದು ಕೇಳಿದರು. ಕೊಂಡಿಯನ್ನು ವಾಡಿಯಲ್ಲಿ ಹಾಕಿಸಿದ್ದು ಎಂದ ಸಾಯಿಕುಮಾರ; ಟ್ರಾಲಿಗೂ ನಂಬರು, ಲೈಟು ಬೇಕೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಚಾಂದಬೀಯ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಮೂಳೆ ಕೂಡುವವರೆಗೂ ಅವಳು ತಕ್ಕಡಿ ಹಿಡಿಯುವಂತಿರಲಿಲ್ಲ. ಅಷ್ಟು ದಿನ ಅವಳ ಒಣಮೀನನ್ನೂ ತಾನೇ ಮಾರಿಕೊಡುತ್ತೇನೆ ಎಂದಳು ಮಾಣಿಕಮ್ಮ. ಚಾಂದಬೀ ಬೇಡ ಎನ್ನಲಿಲ್ಲ. ಆದರೆ ಒಂದು ಮಾತು ಹೇಳಿದಳು. "ನನ್ನ ಕೈ ಮುರೀತು, ಹೋಗ್ಲಿ. ಟಂಟಂದಾಗ ಏಳು ಮಂದಿ ಇದ್ದಿವಿ ಅಕ್ಕಾ."

ಆ ಮಾತು ಮಾಣಿಕಮ್ಮನನ್ನು ಬಿಡಲಿಲ್ಲ. ಇನ್ನೇನು, ಗಾಡಿ ಮಾರಿಬಿಡೋಣ ಎಂದೂ ಅನ್ನಿಸಿತು. ಆದರೆ ತಪ್ಪು ಗಾಡಿಯದೋ, ಕೊಂಡಿಯದೋ, ಟ್ರಾಲಿಯದೋ, ರಸ್ತೆಯದೋ? ಅದೂ ತಿಳಿಯದು.

ಹೇಳಿದಂತೆ ಭಾನುವಾರ ಅಸ್ಫಿಯಾ ಬಂದಳು. ಯಾರನ್ನೂ ಬಯ್ಯಲಿಲ್ಲ. ಚಹಾ ಕುಡಿದು, ಸಾಯಬಣ್ಣನನ್ನು ಗಾಡಿಯ ಹಿಂದೆ ಕರೆದೊಯ್ದಳು.

"ಕಾಕಾ, ಜರಾ ಕೆಳಗ ಮಲಗಿ ನೋಡ್ರಿ. ಹರಿದ ಬಂಪರು ಎಷ್ಟು ದಪ್ಪ ಅದ?"

ಸಾಯಬಣ್ಣ ಚಾಪೆ ಹಾಸಿ ಗಾಡಿಯ ಕೆಳಗೆ ತೂರಿದ. ಬಂಪರಿನ ಹೊರಗೆ ಪ್ಲಾಸ್ಟಿಕ್, ಒಳಗೆ ತೆಳು ತಗಡು. ಅದರಾಚೆ ಎರಡು ಉದ್ದನೆಯ ದಪ್ಪ ಕಬ್ಬಿಣದ ತೊಲೆಗಳು ಗಾಡಿಯ ಉದ್ದಕ್ಕೂ ಹೋಗಿದ್ದವು. ಅದೇ ಚಾಸಿ. ಇಡೀ ಗಾಡಿ ಕೂತಿರುವುದು ಅದರ ಮೇಲೆ.

ಸಾಯಬಣ್ಣ ತೊಲೆಯನ್ನೂ ಹರಿದ ತಗಡನ್ನೂ ಕೈಯಿಂದ ತಟ್ಟಿ ನೋಡಿದ. ಆಮೇಲೆ ಅಲ್ಲಿಂದಲೇ ಮಾತಾಡಿದ. "ದೋಣಿ ದಂಡಿಗೆ ಎಳಿಯುವಾಗ ನಾ ಹಗ್ಗ ಕೂಡೋ ಹಲಗೀಗೆ ಕಟ್ಟಂಗಿಲ್ಲ. ಹಲಗಿ ಕಿತ್ತು ಬರ್ತದ. ಮೂತಿ ಕಟ್ಟಿಗೀಗೇ ಕಟ್ತೀನಿ. ಇಲ್ಲಿ ನಾ ಹಲಗೀಗೆ ಕಟ್ಟೀನಿ ನೋಡು."

"ಹೌದು ಕಾಕಾ. ಕೊಂಡಿ ಚಾಸಿಗೆ ಬೋಲ್ಟ್ ಹಾಕಿ ಕೂಡಸ್ಬೇಕು. ಅದೂ ಈ ಮಾಡಲ್ ಗಾಡಿಗೇ ಅಂತ ಮಾಡಿದ ಚೌಕಟ್ಟು ಇರಬೇಕು. ಎಲ್ಲಾ ಗಾಡಿಗೂ ಕೂಡ್ತದ ಅನ್ನೋದನ್ನ ನಂಬಬಾರ್ದು."

"ಮತ್ತ ಟ್ರ್ಯಾಕ್ಟರು?"

"ಟ್ರ್ಯಾಕ್ಟರ್ ಮಾಡಿದ್ದೇ ಎಳಿಯಾಕ. ಮೆಲ್ಲಕ ಹೋಗ್ತದ. ಈ ಗಾಡಿ ಮಾಡಿದ್ದು ಮಂದಿ ಕುಂದ್ರಾಕ. ಎಷ್ಟು ಎಳೀಬಹುದು ಅಂತ ಕಂಪನಿ ಮಿತಿ ಬರದಿರ್ತದ. ಕೆಲವು ಗಾಡಿಗೆ ಎಳಿಯಲೇಬ್ಯಾಡ್ರಿ ಅಂತ ಬರದಿರ್ತಾರ. ಹಂಗಿದ್ರ ಆಸೇನೇ ಬಿಡಬೇಕು."

ಮಾಣಿಕಮ್ಮ ಉಂಗುರ ತೋರಿಸಿದಳು. "ಇದು ಯಾಕ ಕೊಟ್ಟಾರ ಮತ್ತ?"

"ಗಾಡಿ ಕೆಸರಿನಾಗ ಸಿಕ್ಕರ ಹಗ್ಗ ಹಾಕಿ ಹೊರಗ ಎಳಿಯಾಕ ದೊಡ್ಡವ್ವಾ. ಅದು ಆ ಒಂದು ಗಳಿಗೀಗೆ. ದಾರಿ ತುಂಬ ಟ್ರಾಲಿ ಎಳಿಯಾಕಲ್ಲ."

ಸೆಕೆಂಡ್ ಹ್ಯಾಂಡ್ ಗಾಡಿಯ ಜೊತೆ ಕಂಪನಿಯ ಕೈಪಿಡಿ ಬಂದಿರಲಿಲ್ಲ. ಸಾಯಿಕುಮಾರ ಕಂಪನಿಯ ವೆಬ್‌ಸೈಟಿನಲ್ಲಿ ಅದನ್ನು ಹುಡುಕಿದ. ಕಲಬುರಗಿಯ ಸರ್ವಿಸ್ ಸೆಂಟರಿಗೂ ಫೋನ್ ಮಾಡಿ ಖಚಿತಪಡಿಸಿಕೊಂಡ. ಈ ಗಾಡಿ ಬ್ರೇಕಿಲ್ಲದ ಟ್ರಾಲಿಯನ್ನು ಏಳುನೂರ ಐವತ್ತು ಕಿಲೋವರೆಗೆ ಎಳೆಯಬಹುದು. ಟ್ರಾಲಿಯೂ ಅದರ ಮೇಲಿನ ಸಾಮಾನೂ ಸೇರಿ ಅಷ್ಟು.

ಹಣಮಂತರಾಯ ಶಹಾಬಾದದಲ್ಲಿ ಕಲ್ಲಿನ ಲಾರಿ ತೂಗುವ ಕಾಟಾಕ್ಕೆ, ಆ ಟ್ರಾಲಿ, ದೋಣಿ, ಸಾಮಾನು ಎಲ್ಲವನ್ನೂ ಲಾರಿಯಲ್ಲಿ ಹೇರಿಕೊಂಡು ಅಕ್ಕನ ಜೊತೆ ಹೋದ. ಲಾರಿಯ ತೂಕ ಕಳೆದರೆ ಉಳಿದದ್ದು ಒಂಬೈನೂರು ದಾಟಿತ್ತು. ಅವನು ಅಕ್ಕನ ಮುಖ ನೋಡಲಾರದೆ ಕಾಟಾದ ಕಡೆಯೇ ನೋಡುತ್ತ ನಿಂತ. "ಕಣ್ಣಳತಿ ಮ್ಯಾಲ ಹೇಳಿದ್ದೆ ಅಕ್ಕಾ," ಎಂದ.

ಮಾಣಿಕಮ್ಮನಿಗೆ ಒಂದು ಉಪಾಯ ಹೊಳೆಯಿತು. ಮನೆಗೆ ಬಂದು ಅಸ್ಫಿಯಾಗೆ ಫೋನ್ ಮಾಡಿದಳು. "ಮೋಟಾರು, ಐಸ್ ಪೆಟಗಿ ಎಲ್ಲಾ ಗಾಡಿ ಒಳಗ ಇಟ್ರ ಆಯ್ತಲ್ಲ?"

"ಇಡಬಹುದು. ಆದ್ರ ಗಾಡಿಗೂ ಹೊರೋ ಮಿತಿ ಅದ. ಒಳಗ ಕೂಡೋ ಮಂದಿ, ಸಾಮಾನು, ಕೊಂಡಿ ಮ್ಯಾಲ ಕೂಡೋ ಭಾರ, ಎಲ್ಲಾ ಅದರಾಗೇ ಬರ್ತದ," ಎಂದಳು ಅಸ್ಫಿಯಾ.

"ಅಲ್ಲಿಂದ ತಗದು ಇಲ್ಲಿಟ್ರೂ ತೂಕ ತೂಕೇ ಅನ್ನು." ಮಾಣಿಕಮ್ಮ ತಲೆ ಹಿಡಿದುಕೊಂಡಳು. "ಯವ್ವಾ, ಮತ್ತ ನನಗ ತಿಳಿವಲ್ದು."

"ತಿಳೀಲಿಲ್ಲ ಅಂತ ಕೇಳಾಕತ್ತೀರಲ್ಲ, ಅಷ್ಟು ಸಾಕು. ನನಗೂ ಎಲ್ಲಾ ಗೊತ್ತಿಲ್ಲ. ಕಾಗದಪತ್ರದ್ದು ಸಾರಿಗೆ ಕಚೇರಿಯಾಗೇ ಕೇಳಬೇಕು."

ಕೇಳಿದರು. ಗಾಡಿ ತಯಾರಾದಾಗ ಇಲ್ಲದ್ದನ್ನು ಆಮೇಲೆ ಸೇರಿಸುವಾಗ ಮೊದಲೇ ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯಬೇಕು ಎಂದು ತಿಳಿಯಿತು. ಕಾಯ್ದೆಯ ಕಣ್ಣಲ್ಲಿ ಟ್ರಾಲಿಯೂ ಒಂದು ವಾಹನ. ಅದಕ್ಕೆ ಬೇರೆ ನೋಂದಣಿ ಬೇಕು, ಹಿಂದೆ ನಂಬರೂ ದೀಪವೂ ಬೇಕು. ವಿಮಾ ಕಂಪನಿಗೂ ತಿಳಿಸಬೇಕು. ತಿಳಿಸದೇ ಹಾಕಿಸಿ ಏನಾದರೂ ಆದರೆ, ವಿಮೆ ಕೈಕೊಡಬಹುದು. ಈ ಓಡಾಟಕ್ಕೆ ಬೇಸಿಗೆಯ ಅರ್ಧ ಹೋಯಿತು. ದೋಣಿ ಅಂಗಳದಲ್ಲೇ ಮಲಗಿತ್ತು. ಸಾಯಿಕುಮಾರ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋದ. ಸಾಯಬಣ್ಣ ಒಮ್ಮೊಮ್ಮೆ ಗೊಣಗಿದ. ಆದರೆ ಈ ಸಲ ಮಾಣಿಕಮ್ಮ "ಏನರ ಮಾಡ್ರಿ" ಎನ್ನಲಿಲ್ಲ.

ಹಳೆಯ ಕಬ್ಬಿಣದ ಟ್ರಾಲಿಯನ್ನು ವಾಪಸು ಕೊಟ್ಟರು. ದೋಣಿಗೆಂದೇ ಮಾಡಿದ, ನೋಂದಣಿಯಾಗುವಂಥ ಹಗುರ ಟ್ರಾಲಿ ತಂದರು. ಒಪ್ಪಿಗೆ ಸಿಕ್ಕ ಮೇಲೆ ಕಲಬುರಗಿಯಲ್ಲಿ ಚಾಸಿಗೆ ಬೋಲ್ಟ್ ಹಾಕಿ ಕೊಂಡಿ ಕೂರಿಸಿದರು. ಮಾಣಿಕಮ್ಮ ಕೊಂಡಿಯ ತಗಡಿನ ಮೇಲಿನ ಅಂಕಿ ಓದಿ ಮತ್ತೆ ಗಲಿಬಿಲಿಗೊಂಡು, ಜೊತೆಗೆ ಬಂದಿದ್ದ ಅಸ್ಫಿಯಾಳನ್ನು ಕೇಳಿದಳು.

"ಇದರ ಮ್ಯಾಲ ಒಂದೂವರೆ ಸಾವಿರ ಅಂತ ಅದ. ನೀ ಏಳನೂರ ಐವತ್ತು ಅಂತಿ?"

"ಕೊಂಡಿ ಅಷ್ಟು ತಡೀತದ ದೊಡ್ಡವ್ವಾ, ಆದ್ರ ಗಾಡಿ ತಡಿಯಂಗಿಲ್ಲ. ಗಾಡಿದೊಂದು ಅಂಕಿ, ಕೊಂಡಿದೊಂದು, ಟ್ರಾಲಿದೊಂದು ಇರ್ತದ. ಮೂರರಾಗ ಯಾವುದು ಸಣ್ಣದೋ ಅದೇ ನಮ್ಮ ಮಿತಿ."

ಮಾಣಿಕಮ್ಮ ಅದನ್ನು ಎರಡು ಸಲ ಬಾಯಲ್ಲಿ ಅಂದುಕೊಂಡಳು. ಆಮೇಲೆ ತಲೆಯಾಡಿಸಿದಳು.

ಕೊಂಡಿಯ ಗುಂಡು, ಅದರ ಮೇಲೆ ಕೂರುವ ಟ್ರಾಲಿಯ ಬಟ್ಟಲು, ಎರಡೂ ಒಂದೇ ಅಳತೆಯವೇ ಎಂದು ಅಸ್ಫಿಯಾ ಓದಿ ನೋಡಿದಳು. ಬಟ್ಟಲು ಕೂದಲೆಳೆ ದೊಡ್ಡದಿದ್ದರೂ ಕೂತಂತೆ ಕಾಣುತ್ತದೆ, ಉಬ್ಬಿನಲ್ಲಿ ಹಾರಿಹೋಗುತ್ತದೆ. ಟ್ರಾಲಿಯ ದೀಪಗಳಿಗೆ ಗಾಡಿಯ ವೈರು ಕತ್ತರಿಸಿ ಟೇಪು ಸುತ್ತಲಿಲ್ಲ. ಅದಕ್ಕೆಂದೇ ಇರುವ ಪ್ಲಗ್ಗು ಹಾಕಿದರು. ಟ್ರಾಲಿಯ ಮೂತಿಯಿಂದ ಎರಡು ಸರಪಳಿಗಳನ್ನು ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಗಾಡಿಯ ಕೊಂಡಿಯ ಚೌಕಟ್ಟಿಗೆ ಸಿಕ್ಕಿಸಿದರು. ಕೊಂಡಿ ಬಿಚ್ಚಿಕೊಂಡರೂ ಟ್ರಾಲಿಯ ಮೂತಿ ಆ ಸರಪಳಿಗಳ ಮೇಲೆ ಬೀಳುತ್ತದೆ, ಗಾಡಿಯನ್ನು ಬಿಟ್ಟು ಓಡುವುದಿಲ್ಲ.

ಸಾಮಾನು ಹೇರುವಾಗ ಸಾಯಿಕುಮಾರ ರೂಢಿಯಂತೆ ಮೋಟಾರು, ಐಸ್ ಪೆಟ್ಟಿಗೆಗಳನ್ನು ಹಿಂದಕ್ಕೆ ಇಡಲು ಹೋದ. ಅಸ್ಫಿಯಾ ಬಾಯಿ ತೆರೆಯುವ ಮೊದಲೇ ಮಾಣಿಕಮ್ಮ ತಡೆದಳು.

"ಹಿಂದ ಬ್ಯಾಡ. ದೋಣಿಯಾಗ ಎಲ್ಲಾರೂ ಹಿಂದ ಕುಂತ್ರ ಮೂತಿ ಮ್ಯಾಲೇಳ್ತದ, ಹೇಳಿದ ಕಡಿ ಹೋಗಂಗಿಲ್ಲ. ಆವತ್ತು ಟ್ರಾಲಿ ಓಲಾಡಿದ್ದೂ ಅದಕ್ಕೇ ಏನವ್ವಾ?"

"ಖರೇ ಅದಕ್ಕೇ," ಎಂದಳು ಅಸ್ಫಿಯಾ. "ಗಾಲಿಗಿಂತ ಜರಾ ಮುಂದ ಭಾರ ಇರಬೇಕು. ಒಟ್ಟು ತೂಕದ ಹತ್ತರಾಗ ಒಂದು ಪಾಲಿನಷ್ಟು ಕೊಂಡಿ ಮ್ಯಾಲ ಕೂಡಬೇಕು. ಅದೂ ಕಂಪನಿ ಬರದ ಮಿತಿ ಒಳಗೇ ಇರಬೇಕು. ಭಾಳ ಆದ್ರ ಗಾಡಿ ಹಿಂದ ಕುಸೀತದ, ಮುಂದಿನ ಗಾಲಿ ಹಗುರ ಆಗ್ತಾವ."

ಅಂದು ಮತ್ತೆ ಎಲ್ಲವನ್ನೂ ಹಣಮಂತರಾಯನ ಲಾರಿಯಲ್ಲಿ ಹೇರಿಕೊಂಡು ಕಾಟಾಕ್ಕೆ ಹೋದರು. ಎಲ್ಲ ಸೇರಿ ಆರುನೂರರ ಆಸುಪಾಸು ಬಂತು. ಮೊದಲು ಖಾಲಿ ಮೈದಾನದಲ್ಲಿ ತಿರುಗಿಸಿ, ಬ್ರೇಕ್ ಹಾಕಿ, ಹಿಂದಕ್ಕೆ ತೆಗೆದು ನೋಡಿದರು. ಹಿಂದಕ್ಕೆ ತೆಗೆಯುವಾಗ ಸಾಯಿಕುಮಾರ ಎಡಕ್ಕೆ ತಿರುವಿದರೆ ಟ್ರಾಲಿ ಬಲಕ್ಕೆ ಹೋಗುತ್ತಿತ್ತು. ಅವನೂ ಬೆವೆತ, ನೋಡುತ್ತ ನಿಂತವರೂ ಬೆವೆತರು. ಚೆನ್ನಾಗಿ ರೂಢಿಯಾಗುವವರೆಗೆ ರಸ್ತೆಗೆ ಇಳಿಯಕೂಡದು ಎಂದು ಹೇಳಿದವನು ಸಾಯಬಣ್ಣ.

ಹೊರಡುವ ದಿನ ಚಾಂದಬೀ ಬಂದಳು. ಪ್ಲಾಸ್ಟರ್ ತೆಗೆದಿದ್ದರು, ಆದರೆ ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ. ಕೆರೆಯ ದಂಡೆಯಲ್ಲೇ ಮೀನು ಕೊಂಡು ಒಣಗಿಸಬೇಕೆಂದು ಅವಳ ವಿಚಾರ. ಗಾಡಿ ಹತ್ತುವ ಮುಂಚೆ ಟ್ರಾಲಿಯ ಹತ್ತಿರ ನಿಂತು ಸರಪಳಿ ಮುಟ್ಟಿ ನೋಡಿದಳು.

"ಈಗ ಎಲ್ಲಾ ತಿಳೀತೇನ ಮಾಣಿಕಕ್ಕಾ?"

"ಇಲ್ಲ ಚಾಂದಾ. ಅರ್ಧಾ ಇನ್ನಾ ತಿಳದಿಲ್ಲ," ಎಂದಳು ಮಾಣಿಕಮ್ಮ. "ಆದ್ರ ತಿಳೀದೇ ಇದ್ದಾಗ ಗಾಡಿ ಚಾಲೂ ಮಾಡಬಾರ್ದು ಅಂಬೋದು ತಿಳದದ. ಕೇಳೋತನಕಾ ನಿಂದ್ರಬೇಕು."

ಚಾಂದಬೀ ಎಡಗೈಯಲ್ಲಿ ಬಾಗಿಲು ತೆರೆದು ಒಳಗೆ ಕೂತಳು. ಸಾಯಿಕುಮಾರ ನಿಧಾನವಾಗಿ ಗಾಡಿ ಓಡಿಸಿದ. ಸಿಮೆಂಟಿನ ಲಾರಿಗಳು ಹಾರ್ನ್ ಹೊಡೆಯುತ್ತ ಮುಂದೆ ಹೋದವು. ಹೋಗಲಿ ಎಂದು ಬಿಟ್ಟ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಸಾಯಬಣ್ಣ ಇಳಿದು, ಯಾರೂ ಹೇಳದೆಯೇ ಕೊಂಡಿ, ಸರಪಳಿ, ಗಾಲಿಯ ಗಾಳಿ ನೋಡಿ ಬಂದ. ಮಾಣಿಕಮ್ಮ ದಾರಿಯುದ್ದಕ್ಕೂ ಗೆಳತಿಯ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಚಿಂಚೋಳಿಯ ಗುಡ್ಡ ಕಂಡಾಗ ಬಿಸಿಲು ಏರಿತ್ತು. ಕೆರೆಯ ಏರಿಯಿಂದ ದೋಣಿ ಜಾರಿ ನೀರಿಗೆ ಇಳಿಯಿತು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಗೂ ದೋಣಿಯೋ, ಹೊಟೇಲಿನ ಬಂಡಿಯೋ, ಸಾಮಾನಿನ ಟ್ರಾಲಿಯೋ ಕಟ್ಟುವ ವಿಚಾರ ಇರಬಹುದು. ನೂರು ಜನ ನೂರು ಮಾತು ಹೇಳುತ್ತಾರೆ, ತಲೆ ತಿರುಗುತ್ತದೆ. ತಿರುಗಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ತಲೆ ತಿರುಗಿತೆಂದು ಬಂಪರಿಗೆ ಕೊಂಡಿ ಬೆಸೆಸಬೇಡಿ. ನಿಮ್ಮ ಗಾಡಿ ಎಳೆಯಬಹುದೇ, ಎಷ್ಟು ಎಳೆಯಬಹುದು ಎಂದು ಕಂಪನಿಯ ಕೈಪಿಡಿಯಲ್ಲಿ ಮೊದಲು ನೋಡಿ. ಸಾಮಾನು ಸಮೇತ ಟ್ರಾಲಿಯನ್ನು ಕಾಟಾದಲ್ಲಿ ತೂಗಿ. ಸಾರಿಗೆ ಕಚೇರಿಯಲ್ಲಿ, ವಿಮಾ ಕಂಪನಿಯಲ್ಲಿ ಕೇಳಿದ ಮೇಲೆಯೇ, ನಿಮ್ಮ ಗಾಡಿಗೆಂದು ಮಾಡಿದ ಕೊಂಡಿಯನ್ನು ಚಾಸಿಗೆ ಹಾಕಿಸಿ. ಸರಪಳಿಯನ್ನೂ ದೀಪವನ್ನೂ ಮರೆಯಬೇಡಿ. ನಿಮ್ಮ ಟ್ರಾಲಿಯ ಹಿಂದೆ ಬರುವ ಟಂಟಂನಲ್ಲಿ ಯಾರು ಕೂತಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಅವರೂ ಮನೆ ಸೇರಬೇಕು.